ಗುಡ್ಡ ಯಾರಪ್ಪನ ಸ್ವತ್ತು?

ನಮ್ಮ ಸೀಮೆಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಮೊನ್ನೆ ಬಸ್ಸಿನಲ್ಲಿ ದೊಡ್ಡ ಮನುಷ್ಯರೊಬ್ಬರು ಅಪ್ಪಣೆ ಕೊಡಿಸಿದರು. ಇಲ್ಲಿ ಎರಿ ಹೊಲ, ಜಾಲಿ ಕಂಟಿ, ಬಿಸಿಲು, ಅಷ್ಟೇ. ಗುಡ್ಡವೆಂದರೆ ಊಟಿಯಲ್ಲಿ, ಮಹಾಬಳೇಶ್ವರದಲ್ಲಿ. ಅದಕ್ಕೆ ನಾಲ್ಕು ದಿನದ ಸೂಟಿಯೂ ಕೈತುಂಬ ದುಡ್ಡೂ ಬೇಕು ಎಂಬುದು ಅವರ ಸಿದ್ಧಾಂತ. ಹಿಂದಿನ ಸೀಟಿನಲ್ಲಿ ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಿದ್ದ ಗಿರಣಿಯ ಹುಡುಗ ಕಣ್ಣು ತೆರೆದು, "ಹಂಗಾದ್ರ ನಮ್ಮಂಥಾವ್ರು ಗುಡ್ಡಾ ನೋಡೂದ ಬ್ಯಾಡೇನ್ರೀ?" ಎಂದು ಕೇಳಿದ. ದೊಡ್ಡ ಮನುಷ್ಯರು ಕಿಡಕಿಯ ಹೊರಗೆ ಮುಖ ತಿರುಗಿಸಿದರು. ತಮಾಷೆಯೆಂದರೆ, ಅವರು ಮುಖ ತಿರುಗಿಸಿದ ಕಡೆಗೇ ಸವದತ್ತಿಯ ಗುಡ್ಡದ ಸಾಲು ನಿಂತಿತ್ತು.

ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಕೆಲಸ.

ಮೊದಲು ಊಟಿ-ಮಹಾಬಳೇಶ್ವರಗಳ ಮಾತು. ಈ ಊರುಗಳು ಗಿರಿಧಾಮಗಳಾದದ್ದು ಬಿಳಿಯ ಸಾಹೇಬರಿಗೆ ಬಯಲಿನ ಸೆಕೆ ತಾಳದೆ ಹೋದದ್ದರಿಂದ. ಮಹಾಬಳೇಶ್ವರ ಮುಂಬಯಿ ಸರಕಾರದ ಬೇಸಿಗೆಯ ರಾಜಧಾನಿಯಾಗಿತ್ತು. 1956ರವರೆಗೆ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿಯ ಆಡಳಿತದಲ್ಲೇ ಇತ್ತು. ಅಂದರೆ ಸಿರಸಂಗಿಯ ರೈತ ಬಿಸಿಲಲ್ಲಿ ಬೆಂದು ಕಟ್ಟಿದ ತೀರುವೆಯ ಪಾಲೂ ಸಾಹೇಬರ ತಂಪಿಗೆ ಖರ್ಚಾಯಿತು. ಸಾಹೇಬರು ಹೋದರು. ಗುಡ್ಡವೆಂದರೆ ಅವರು ತೋರಿಸಿದ ಗುಡ್ಡವೇ ಎಂಬ ಬುದ್ಧಿ ಮಾತ್ರ ನಮ್ಮ ಸುಶಿಕ್ಷಿತರ ತಲೆಯಲ್ಲಿ ಉಳಿದುಕೊಂಡಿತು.

ಇನ್ನು ನಮ್ಮ ಗುಡ್ಡಗಳು ಗಿಡ್ಡವಂತೆ! ಗಣಿತ ಕಲಿಸಿದ ಹಳೆಯ ಮಾಸ್ತರನಾಗಿ ಒಂದು ಲೆಕ್ಕ ಹೇಳುತ್ತೇನೆ. ಸುತ್ತಲೂ ಸಪಾಟ ಬಯಲಿದ್ದು ನೀವು 25 ಮೀಟರ್ ಎತ್ತರದ ದಿಬ್ಬದ ಮೇಲೆ ನಿಂತರೆ ಬಾನಂಚು ಸುಮಾರು 18 ಕಿಲೋಮೀಟರ್ ದೂರ. ನೂರು ಮೀಟರ್ ಏರಿದರೆ ಸುಮಾರು 36 ಕಿಲೋಮೀಟರ್. ಎತ್ತರ ನಾಲ್ಕು ಪಟ್ಟಾದರೆ ನೋಟ ಎರಡೇ ಪಟ್ಟು. ಊಟಿ ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿದ್ದರೂ ಅಲ್ಲಿ ಬಹಳ ಕಡೆ ಎದುರಿನ ಗುಡ್ಡವೇ ಕಣ್ಣಿಗೆ ಅಡ್ಡ ಬರುತ್ತದೆ. ನಮ್ಮಲ್ಲಿ ಅರ್ಧ ತಾಸು ಏರಿ, ಬೆವರು ಒರೆಸಿಕೊಂಡು ತಿರುಗಿ ನೋಡಿದರೆ ಕಣ್ಣಿಗೆ ತಡೆಯೇ ಇಲ್ಲ. ಕಾಲಿಗೆ ಸ್ವಲ್ಪ ದುಡಿಮೆ, ಕಣ್ಣಿಗೆ ಬಹಳ ಕೂಲಿ. ಜಗತ್ತಿನಲ್ಲಿ ಇಂಥ ನ್ಯಾಯದ ಪಗಾರ ಕೊಡುವ ಧಣಿ ಗುಡ್ಡವೊಂದೇ ಇರಬೇಕು.

ನಾನು ಮಾಸ್ತರಕಿ ಮಾಡುತ್ತಿದ್ದಾಗ ಒಮ್ಮೆ ಸಾಲೆಯ ಹುಡುಗರನ್ನು ಸವದತ್ತಿಯ ಹತ್ತಿರದ ಪರಸಗಡ ಕೋಟೆಯ ಗುಡ್ಡಕ್ಕೆ ಹತ್ತಿಸಿದೆ. ಈ ತಾಲೂಕಿಗೆ ಹಿಂದೆ ಪರಸಗಡವೆಂದೇ ಹೆಸರು. ಹುಡುಗರಿಗೆ ಅದು ಕಾಗದದ ಮೇಲಿನ ಹೆಸರಷ್ಟೇ ಆಗಿತ್ತು. ಮೇಲೆ ನಿಂತು ಬಯಲಿನಲ್ಲಿ ತಂತಮ್ಮ ಊರಿನ ಗುಡಿ, ಕೆರೆ, ಅಪ್ಪನ ಹೊಲ ಹುಡುಕತೊಡಗಿದರು. ಬೂದು ಕಾಣುವುದು ಎರಿ, ಕೆಂಪು ಕಾಣುವುದು ಮಸಾರಿ; ಯಾವ ದಿಕ್ಕಿನ ಬೆಳೆ ಹಸಿರು, ಯಾವುದು ಒಣಗಿದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. "ಸರ್, ಕಾಲುವೆ ಹ್ವಾದಲ್ಲೆ ಅಷ್ಟ ಹಸರ ಐತ್ರಿ" ಎಂದ ಒಬ್ಬ. ಒಂದು ವರ್ಷದ ಅರ್ಥಶಾಸ್ತ್ರ ಆ ಒಂದು ಮಾತಿನಲ್ಲಿತ್ತು. ಪಾಠ ಬಿಟ್ಟು ಗುಡ್ಡ ಸುತ್ತಿಸಿದ್ದಕ್ಕೆ ಮೇಲಿನವರು ನನಗೆ ಕಾರಣ ಕೇಳಿ ಕಾಗದ ಕೊಟ್ಟರೆಂಬುದು ಬೇರೆ ಕತೆ.

ನವಿಲುತೀರ್ಥಕ್ಕೆ ಹೋಗಿ ನೋಡಿ. ಗುಡ್ಡದ ಸಾಲನ್ನು ಮಲಪ್ರಭೆ ಸೀಳಿಕೊಂಡು ಹೊರಬಿದ್ದ ಜಾಗ ಅದು. ಆ ಸೀಳಿಗೇ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ರೇಣುಕಾಸಾಗರ, ಮುಂದೆ ನರಗುಂದ-ನವಲಗುಂದದ ಕಡೆಗೆ ಓಡುವ ಕಾಲುವೆ. ನೀರು ಚಂದ, ಬಂಡೆ ಚಂದ. ಆದರೆ ಆ ನೀರಿನ ಹೆಸರಿನಲ್ಲಿ ರೈತರ ಮೇಲೆ ಅಭಿವೃದ್ಧಿ ಕರ ಹೇರಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು, ಗೋಳಿಬಾರು ಆಯಿತು, ರೈತರು ಸತ್ತರು. ಫೋಟೋ ತೆಗೆದುಕೊಳ್ಳುವವರಿಗೆ ಇದನ್ನು ಹೇಳುವ ಒಂದು ಕಲ್ಲನ್ನಾದರೂ ಅಲ್ಲಿ ನಿಲ್ಲಿಸಬಾರದೇಕೆ?

ಸವದತ್ತಿಯಿಂದ ರಾಮದುರ್ಗದ ಕಡೆಗೆ ಹೋಗುವ ಸಾಲಿನ ಕಲ್ಲನ್ನೂ ಒಮ್ಮೆ ಕೈಯಿಂದ ಮುಟ್ಟಿ ನೋಡಿರಿ. ನೂರು ಕೋಟಿ ವರ್ಷಕ್ಕಿಂತ ಹಿಂದೆ ನೀರಿನ ತಳದಲ್ಲಿ ಕುಳಿತ ಉಸುಕು ಗಟ್ಟಿಯಾಗಿ ಈ ಕಲ್ಲಾಯಿತು. ಕಲಾದಗಿಯ ಹೆಸರಿನಿಂದ ಭೂಗರ್ಭ ಶಾಸ್ತ್ರಿಗಳು ಕರೆಯುವ ಈ ಶಿಲೆಗಳಲ್ಲಿ ಅಂದಿನ ತೆರೆಗಳ ಗೆರೆ ಅಲ್ಲಲ್ಲಿ ಇನ್ನೂ ಕಾಣುತ್ತದೆ. ಸುರೇಬಾನದ ಹತ್ತಿರದ ಶಬರಿಕೊಳ್ಳ, ಸೊಗಲದ ಧಬಧಬೆ, ಇವೆಲ್ಲ ನಮ್ಮ ಕೈಯಳತೆಯಲ್ಲೇ ಇವೆ. ಗೋಕಾಕದಲ್ಲಂತೂ 170 ಅಡಿಯ ಧಬಧಬೆಯ ಪಕ್ಕಕ್ಕೇ 1885ರಲ್ಲಿ ಗಿರಣಿ ಹುಟ್ಟಿತು. ಘಟಪ್ರಭೆ ಗಿರಣಿಗೂ ದುಡಿಯಿತು, ನೋಡಬಂದವರ ಕಣ್ಣಿಗೂ ದುಡಿಯಿತು. ಒಳಗೆ ನೂಲು ತೆಗೆದವನಿಗೆ ಅದನ್ನು ನೋಡುವ ಪುರುಸೊತ್ತು ಎಷ್ಟು ಸಿಕ್ಕಿತು?

ಇಲ್ಲಿಗೆ ಬಂತು ನಿಜವಾದ ತಕರಾರು. ಪಗಾರದ ಜಗಳವೇ ಮುಗಿದಿಲ್ಲ, ಗುಡ್ಡದ ಮಾತೇಕೆ ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ಎಂಟು ತಾಸಿನ ಹೋರಾಟ ಯಾವುದಕ್ಕಾಗಿ ನಡೆದಿತ್ತು? ಎಂಟು ತಾಸು ದುಡಿಮೆ, ಎಂಟು ತಾಸು ನಿದ್ದೆ, ಉಳಿದ ಎಂಟು ತಾಸು ಮನುಷ್ಯನದು ಎಂದು. 1948ರ ಕಾರಖಾನೆ ಕಾಯ್ದೆ ವಾರಕ್ಕೊಂದು ಸೂಟಿ ಬರೆಯಿತು. ಅಂಗಡಿಯ ನೌಕರನಿಗೆ ಅದನ್ನು 1961ರ ಕಾಯ್ದೆ ಬರೆಯಿತು. 2023ರಲ್ಲಿ ಅದೇ ಕಾರಖಾನೆ ಕಾಯ್ದೆಗೆ ಕರ್ನಾಟಕ ಸರಕಾರ ತಿದ್ದುಪಡಿ ತಂದು ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ತೆರೆಯಿತು. ವಾರಕ್ಕೆ 48 ತಾಸು ಮೀರುವುದಿಲ್ಲವಲ್ಲ ಎಂದು ಸಮಾಧಾನ ಹೇಳಿದರು. ಹನ್ನೆರಡು ತಾಸು ಯಂತ್ರದ ಮುಂದೆ ನಿಂತವನ ಕಾಲು ಮರುದಿನ ಗುಡ್ಡ ಹತ್ತುತ್ತದೆಯೋ, ಹಾಸಿಗೆ ಹತ್ತುತ್ತದೆಯೋ? ಪಗಾರದ ಜಗಳ ಬೇರೆ, ಗುಡ್ಡದ ಜಗಳ ಬೇರೆ ಎನ್ನುವವರು ಇದಕ್ಕೆ ಉತ್ತರ ಹೇಳಲಿ.

ಇಂಗ್ಲಂಡಿನ ಕೂಲಿಕಾರರು ಇದನ್ನು ನಮಗಿಂತ ಮೊದಲೇ ಕಂಡುಕೊಂಡರು. ಮ್ಯಾಂಚೆಸ್ಟರಿನ ಹೊಗೆಯಿಂದ ತಪ್ಪಿಸಿಕೊಂಡು ಭಾನುವಾರ ಬಯಲಿಗೆ ಹೋದರೆ ಎದುರಿಗೆ ಶ್ರೀಮಂತರ ಬೇಟೆಯ ಗುಡ್ಡ, ಕಾವಲುಗಾರ, ಫಲಕ. 1932ರ ಏಪ್ರಿಲ್ 24ರಂದು ನೂರಾರು ಜನ ಸೇರಿ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಅಪ್ಪಣೆಯಿಲ್ಲದೆ ಹತ್ತಿದರು. ಐವರು ತರುಣರಿಗೆ ಜೈಲಾಯಿತು. ಮುಂದಾಳು ಬೆನ್ನಿ ರಾಥ್‌ಮನ್‌ಗೆ ನಾಲ್ಕು ತಿಂಗಳು. 1949ರಲ್ಲಿ ಕಾನೂನು ಬಂತು, 1951ರಲ್ಲಿ ಅದೇ ಸೀಮೆ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು.

ನಮ್ಮ ಗುಡ್ಡಗಳಿಗೆ ಬೇಲಿ ಇನ್ನೂ ಪೂರ್ತಿ ಬಿದ್ದಿಲ್ಲ. ಬೀಳುವ ಮೊದಲೇ ಮಾತನಾಡಬೇಕು. ದಿಬ್ಬಗಳ ಮೇಲೆ ಗಾಳಿಯಂತ್ರ ನಿಂತಿವೆ. ಕರೆಂಟು ಬೇಕು, ಒಪ್ಪೋಣ. ಆದರೆ ಕುರಿಗಾರನ ಹಾದಿಯನ್ನು ಯಾವ ಕಂಪನಿಯೂ ನುಂಗಕೂಡದು. 2024ರಲ್ಲಿ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರಕಾರ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಬೇಡವೆನ್ನಲು ನಾವು ಮೂರ್ಖರಲ್ಲ. ಆ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಚಕ್ಕಡಿ ಕಟ್ಟಿಕೊಂಡು ಬರುವವರು ಯಾರು? ಬಯಲಿನಲ್ಲಿ ಒಲೆ ಹೂಡುವವರು ಯಾರು? ಬಡವರ ಹೆಣ್ಣುಮಕ್ಕಳನ್ನು ಆ ದೇವಿಯ ಹೆಸರಿನಲ್ಲಿ ಬಿಡುವುದನ್ನು ನಿಲ್ಲಿಸಲು 1982ರವರೆಗೆ ಕಾಯ್ದೆಯ ದಾರಿ ಕಾದ ಸರಕಾರ, ಕಟ್ಟಡದ ಮಾತು ಬಂದಾಗ ಎಷ್ಟು ಚುರುಕು! ಮೊದಲ ರೂಪಾಯಿ ನೆರಳಿಗೆ, ನೀರಿಗೆ, ಹೆಂಗಸರ ಪಾಯಖಾನೆಗೆ ಹೋಗಬೇಕು. ಕಾಯಿ, ಭಂಡಾರ, ಬಳೆ ಮಾರುವ ಸಣ್ಣ ವ್ಯಾಪಾರಿಗೆ ಹೊಸ ಮಳಿಗೆಗಳಲ್ಲಿ ಮೊದಲ ಹಕ್ಕು ಇರಬೇಕು. ಹರಾಜಿಗೆ ಇಟ್ಟರೆ ಹುಬ್ಬಳ್ಳಿಯ ಭಾರೀ ಕುಳ ಬಂದು ಕೂತಾನು, ತಲೆಮಾರುಗಳಿಂದ ಬುಟ್ಟಿ ಹೊತ್ತವಳು ರಸ್ತೆಗೆ ಬಿದ್ದಾಳು.

ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ಅವರ ಮೃತ್ಯುಪತ್ರದಂತೆ ಆಸ್ತಿ ಶಿಕ್ಷಣಕ್ಕೆ ಹೋಯಿತು. ಆ ಔದಾರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ಗುಡ್ಡ, ಹಾದಿ, ಗಾಳಿ ಇವನ್ನು ಯಾವ ದೇಸಾಯಿಯೂ ನಮಗೆ ದಾನ ಕೊಡಬೇಕಾಗಿಲ್ಲ.

2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದ ಮೇಲೆ, ಹೊಲ-ಒಲೆ ಬಿಟ್ಟು ಕದಲದಿದ್ದ ಎಷ್ಟೋ ತಾಯಂದಿರು ಗುಡ್ಡ ಕಂಡರು. ಅದನ್ನು ಸೋಮಾರಿಗಳ ತಿರುಗಾಟವೆಂದು ಹಳಿದವರಲ್ಲಿ ಸ್ವಂತ ಕಾರಿನವರೇ ಹೆಚ್ಚು. ನಾವು ಕೇಳುವುದು ಇನ್ನಷ್ಟು: ಭಾನುವಾರ ಬೆಳಿಗ್ಗೆ ಆರಕ್ಕೆ ಸವದತ್ತಿ, ಸಿರಸಂಗಿ, ಸುರೇಬಾನ, ಸೊಗಲಕ್ಕೆ ಬಸ್ಸು, ಸಂಜೆ ಆರಕ್ಕೆ ಹಿಂದಿರುಗುವ ಬಸ್ಸು. ಈ ಬೇಡಿಕೆಯ ಅರ್ಜಿಗೆ ಗಿರಣಿಯ ಬಾಗಿಲಲ್ಲೂ ಪೇಟೆಯಲ್ಲೂ ಸಹಿ ಕೂಡಿಸುತ್ತಿದ್ದೇವೆ. ಸಹಿ ಹಾಕಿದವರು ಬರುವ ಭಾನುವಾರ ಪರಸಗಡಕ್ಕೆ ಬರಲಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿರಿ. ನೀರನ್ನು ಹೊತ್ತೇ ಹೋಗಬೇಕು. ಮಕ್ಕಳನ್ನು ಬಿಟ್ಟು ಬರಬೇಡಿರಿ.