ಮಡಿಸಿಡುವ ಕೆಲಸದ ಮೇಜು

ಶಿವಮೊಗ್ಗೆಯ ಸೋದರಿಯೊಬ್ಬರು ನಮಗೆ ಬರೆದಿರುವ ಕಾಗದದಲ್ಲಿ ಒಂದು ದೂರೂ ಒಂದು ಪ್ರಶ್ನೆಯೂ ಇರುವುವು. ಅವರ ಯಜಮಾನರಿಗೆ ರಜೆಯ ದಿನಗಳಲ್ಲಿ ಮರಗೆಲಸದ ಹುಚ್ಚು. ಬಾಡಿಗೆಯ ಮನೆ, ಕೆಲಸಕ್ಕೆಂದು ಬೇರೆ ಕೋಣೆಯಿಲ್ಲ. ಆದಕಾರಣ ಊಟದ ಮೇಜೇ ಅವರ ಕಾರ್ಖಾನೆಯಾಗಿದೆಯಂತೆ. ಅದರ ಅಂಚಿನಲ್ಲಿ ಗರಗಸದ ಗಾಯಗಳು ಇದುವರೆಗೆ ಏಳು. ಈಗ ಆ ಮಹಾಶಯರು ಮಡಿಸಿಡುವಂತಹ ಕೆಲಸದ ಮೇಜೊಂದನ್ನು ಕೊಳ್ಳಲು ಹೊರಟಿರುವರು. “ಇದು ಸಂಸಾರಕ್ಕೆ ಬೇಕಾದ ಪದಾರ್ಥವೋ, ಗಂಡಸರ ಆಟಿಕೆಯೋ, ತಾವೇ ತೀರ್ಮಾನಿಸಬೇಕು” ಎಂದು ಆ ಸೋದರಿಯವರು ವ್ಯಾಜ್ಯವನ್ನು ನಮಗೆ ಒಪ್ಪಿಸಿದ್ದಾರೆ.

ಈ ವ್ಯಾಜ್ಯದಲ್ಲಿ ನಾವು ನಿಷ್ಪಕ್ಷಪಾತಿಗಳಲ್ಲ. ಅದರ ಕಾರಣವನ್ನು ಮೊದಲು ಹೇಳಿಬಿಡುವುದು ನ್ಯಾಯ.

ಎರಡು ವರ್ಷಗಳ ಹಿಂದಿನ ಬೇಸಗೆಯಲ್ಲಿ ನಮ್ಮ ಮಗಳು ಬಾಣಂತನಕ್ಕಾಗಿ ತೌರಿಗೆ ಬರುವವಳಿದ್ದಳು. ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನು ಇಳಿಸಿದೆವು. ನಮ್ಮನ್ನೂ ನಮ್ಮ ಒಡಹುಟ್ಟಿದವರನ್ನೂ ತೂಗಿದ ತೊಟ್ಟಿಲದು. ಎರಡು ಕಂಬಿಗಳು ಮುರಿದಿದ್ದವು, ಒಂದು ಕಾಲು ಕೂಡುವೆಯಲ್ಲಿ ಸಡಿಲಾಗಿತ್ತು. ಬಡಗಿಯನ್ನು ಕರೆಸೋಣವೆಂದರು ನಮ್ಮ ಮನೆಯವರು. ಇಷ್ಟಕ್ಕೆ ಬಡಗಿಯೇಕೆಂದೆವು ನಾವು. ಜಗಲಿಯ ಮೇಲೆ ಒಂದು ಮಣೆಯನ್ನು ಹಾಕಿಕೊಂಡು, ತೇಗದ ತುಂಡಿನಲ್ಲಿ ಉಳಿಯಿಂದ ತೂತು ಕೊರೆಯುತ್ತಿರುವಾಗ, ಎಂಟು ವರ್ಷದ ಮೊಮ್ಮಗನು ಬಂದು, “ನಾನು ಹಿಡಿದುಕೊಳ್ಳುತ್ತೇನೆ ತಾತ” ಎಂದನು. ಹಿಡಿಯಲೆಂದು ಬಿಟ್ಟೆವು. ನಾಲ್ಕನೆಯ ಏಟಿಗೆ ತುಂಡು ಅಲುಗಿತು. ಉಳಿ ಜಾರಿ ಮಗುವಿನ ಹೆಬ್ಬೆರಳಿನ ಬುಡವನ್ನು ಸೀಳಿತು. ವೈದ್ಯರು ಮೂರು ಹೊಲಿಗೆ ಹಾಕಿದರು. ಆಟೋದಲ್ಲಿ ಮರಳಿ ಬರುವಾಗ ಹುಡುಗನು ಆಡಿದ ಮಾತು ಒಂದೇ: “ಅಜ್ಜಿ ಕೇಳಿದರೆ ನಾನೇ ಅಲ್ಲಾಡಿಸಿದೆ ಎಂದು ಹೇಳೋಣ.” ಅಜ್ಜಿ ಏನೂ ಕೇಳಲಿಲ್ಲ. ಅದು ಕೇಳಿದ್ದಕ್ಕಿಂತ ಹೆಚ್ಚಾಯಿತು.

ಉಳಿಯ ತಪ್ಪೆಂದು ಅಂದು ನಾವು ಹೇಳಿಕೊಂಡೆವು. ಸಮಾಧಾನವಾಗಿ ಯೋಚಿಸಿದ ಮೇಲೆ ತಿಳಿದದ್ದು ಬೇರೆ. ಮರಗೆಲಸದಲ್ಲಿ ಕೊಯ್ಯುವ ಕೈಗಿಂತ ಹಿಡಿಯುವ ಕೈಗೇ ಅಪಾಯ ಹೆಚ್ಚು. ಗರಗಸ, ಉಳಿ, ಬೈರಿಗೆ ಇವೆಲ್ಲವೂ ಹಲಗೆಯು ಕದಲದಿದ್ದರೆ ನಾವು ಹೇಳಿದಲ್ಲಿಗೆ ಹೋಗುವುವು. ಕದಲಿದರೆ ತಮಗೆ ತೋಚಿದಲ್ಲಿಗೆ ಹೋಗುವುವು. ವಿದ್ಯುತ್ತಿನ ಬೈರಿಗೆಯಂತೂ ಸಡಿಲವಾದ ಹಲಗೆಯನ್ನೇ ಹಿಡಿದು ಗಿರ್ರನೆ ತಿರುಗಿಸಿಬಿಡುವುದು. ಜೀವವಿರುವ ಕೈಯನ್ನು ಇಕ್ಕಳವಾಗಿ ಬಳಸಕೂಡದೆಂಬುದು ಅಂದಿನಿಂದ ನಮ್ಮ ಮನೆಯ ಕಟ್ಟಳೆ.

ನಮ್ಮ ಹಳೆಯ ಬಡಗಿಗಳಿಗೆ ಮೇಜಿನ ಗೊಡವೆಯೇ ಇರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಅವರು ನೆಲದ ಮೇಲೆ ಕುಳಿತು, ಹಲಗೆಯ ಒಂದು ಕೊನೆಯನ್ನು ಗೂಟಕ್ಕೋ ಗೋಡೆಗೋ ಆನಿಸಿ, ಮತ್ತೊಂದನ್ನು ಪಾದದಿಂದಲೂ ಕಾಲ್ಬೆರಳುಗಳಿಂದಲೂ ಒತ್ತಿಹಿಡಿದು ಉಜ್ಜುಗೊರಡನ್ನು ಆಡಿಸುವುದನ್ನು ನಾವು ಬಾಲ್ಯದಲ್ಲಿ ಗಂಟೆಗಟ್ಟಲೆ ನೋಡಿದ್ದೇವೆ. ಆ ಪಾದಗಳು ಚಿಕ್ಕಂದಿನಿಂದ ಪಳಗಿದವು. ಅರುವತ್ತರಲ್ಲಿ ಚಕ್ಕಳಮಕ್ಕಳ ಹಾಕಲು ಮೊಣಕಾಲನ್ನು ಬೇಡಿಕೊಳ್ಳಬೇಕಾದ ನಮ್ಮಂಥವರು ಅವರನ್ನು ಅನುಕರಿಸಹೋದರೆ ಹಲಗೆಯ ಜೊತೆಗೆ ಬೆರಳೂ ಹೋದೀತು.

ಇಲ್ಲಿ ಒಂದು ಮಾತು. ಅಮರಕೋಶದಲ್ಲಿ ಬಡಗಿಗೆ ತಕ್ಷ, ವರ್ಧಕಿ, ತ್ವಷ್ಟೃ ಎಂಬ ಹೆಸರುಗಳ ಜೊತೆಗೆ ರಥಕಾರ ಎಂಬ ಹೆಸರೂ ಉಂಟು. ಮೂವತ್ತು ವರ್ಷಗಳ ಕಾಲ ಮಕ್ಕಳಿಂದ ಇವನ್ನು ಬಾಯಿಪಾಠ ಮಾಡಿಸಿದ ನಮಗೆ, ಮಡಿಸುವ ಕೆಲಸದ ಮೇಜನ್ನು ಕಲ್ಪಿಸಿದವನೂ ಒಬ್ಬ ರಥಕಾರನೇ ಎಂದು ತಿಳಿದಾಗ ಆದ ಸಂತೋಷವನ್ನು ಏನೆಂದು ಹೇಳೋಣ! ರಾನ್ ಹಿಕ್‌ಮನ್ ಎಂಬಾತನು ೧೯೩೨ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದವನು. ಇಂಗ್ಲೆಂಡಿಗೆ ಬಂದು ಲೋಟಸ್ ಕಂಪೆನಿಯಲ್ಲಿ ಮೋಟಾರುಗಾಡಿಗಳ ವಿನ್ಯಾಸಕನಾದನು. ೧೯೬೨ರಲ್ಲಿ ಹೊರಬಂದ ಎಲಾನ್ ಎಂಬ ಹೆಸರಾಂತ ಗಾಡಿಯು ಅವನ ಕೈಯದು. ಅದಕ್ಕೆ ಒಂದು ವರ್ಷ ಮೊದಲು, ಮನೆಗೆ ಬಟ್ಟೆಯ ಬೀರುವೊಂದನ್ನು ಮಾಡುತ್ತ, ಹಲಗೆಯನ್ನು ಕುರ್ಚಿಯ ಮೇಲಿಟ್ಟು ಕೊಯ್ಯುವಾಗ, ಹಲಗೆಯೊಡನೆ ಬೆಲೆಬಾಳುವ ಕುರ್ಚಿಯನ್ನೂ ಕೊಯ್ದುಬಿಟ್ಟನು. ಆ ಕುರ್ಚಿಯ ಪ್ರಾಯಶ್ಚಿತ್ತವಾಗಿಯೇ ಈ ಮೇಜು ಹುಟ್ಟಿತೆನ್ನಬಹುದು. ಮೊದಲು ಹಲವು ಕಂಪೆನಿಗಳು ಇದು ಮಾರಾಟವಾಗದೆಂದು ಒಲ್ಲೆವೆಂದವು. ಆತನು ಎದೆಗುಂದದೆ ಕೆಲವನ್ನು ತಾನೇ ಮಾಡಿಸಿ ಮಾರಿದನು. ಕೊನೆಗೆ ೧೯೭೨ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪೆನಿಯು ಒಪ್ಪಿಕೊಂಡಿತು. ಮುಂದೆ ‘ವರ್ಕ್‌ಮೇಟ್’ ಎಂಬ ಹೆಸರಿನಿಂದ ಅದು ಕೋಟಿಗಟ್ಟಲೆ ಮಾರಾಟವಾಯಿತು. ಹಿಕ್‌ಮನ್ ೨೦೧೧ರಲ್ಲಿ ತೀರಿಕೊಂಡನು. ಶಿವಮೊಗ್ಗೆಯ ಮಹಾಶಯರು ತಮ್ಮ ಏಳು ಗಾಯಗಳಿಗೆ ನಾಚಬೇಕಾಗಿಲ್ಲ.

ಈಗ ಆ ಯಂತ್ರದ ಗುಣವನ್ನು ನೋಡೋಣ. ಇದು ಬರಿಯ ಮೇಜಲ್ಲ. ಮೇಜಿನ ಹಲಗೆಯೇ ಇಕ್ಕಳವಾಗಿರುವುದು. ಮೇಲ್ಭಾಗದಲ್ಲಿ ಎರಡು ಉದ್ದ ಹಲಗೆಗಳು, ಅವೇ ದವಡೆಗಳು. ಒಂದು ಸ್ಥಿರ, ಮತ್ತೊಂದು ಎರಡು ತಿರುಪುಗಳಿಂದ ಸರಿಯುವುದು. ಈ ಎರಡು ತಿರುಪುಗಳೂ ಬೇರೆ ಬೇರೆಯಾಗಿ ತಿರುಗುವುದರಲ್ಲಿಯೇ ಇದರ ರಹಸ್ಯವೆಲ್ಲ ಇರುವುದು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬಿಗಿದರೆ ದವಡೆಯು ಓರೆಯಾಗಿ ನಿಂತು, ಕುರ್ಚಿಯ ಕಾಲಿನಂತೆ ಬುಡ ದಪ್ಪ ತುದಿ ಸಣ್ಣ ಇರುವ ವಸ್ತುವನ್ನೂ ಗಟ್ಟಿಯಾಗಿ ಹಿಡಿಯುವುದು. ತೊಟ್ಟಿಲಿನ ಕಾಲನ್ನು ನಾವು ಕೊನೆಗೆ ಸರಿಮಾಡಿದ್ದು ಹೀಗೆಯೇ. ದವಡೆಗಳಲ್ಲಿ ಸಾಲಾಗಿ ತೂತುಗಳಿದ್ದು, ಅವುಗಳಲ್ಲಿ ಗೂಟಗಳನ್ನು ನೆಟ್ಟರೆ ಅಗಲವಾದ ಕಿಟಕಿಯ ರೆಕ್ಕೆಯನ್ನೂ ಮಲಗಿಸಿ ಹಿಡಿಯಬಹುದು. ಒಳ ಅಂಚಿನ ಕಚ್ಚಿನಲ್ಲಿ ನೀರಿನ ಕೊಳವೆಯು ಉರುಳದೆ ನಿಲ್ಲುವುದು.

ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು: ಇದು ೧೫೦ ಕಿಲೋ ಹೊರುವುದು, ಇದು ೨೦೦ ಕಿಲೋ ಹೊರುವುದು ಎಂದು. ನಾವೂ ಆ ಸಂಖ್ಯೆಗೆ ಮರುಳಾಗಿ, ಚಿತ್ರವನ್ನು ಮಾತ್ರ ನೋಡಿ, ಅಗ್ಗದ್ದೊಂದನ್ನು ಅಂಚೆಯಲ್ಲಿ ತರಿಸಿದೆವು. ಭಾರವನ್ನು ಅದು ಹೊತ್ತದ್ದು ಸುಳ್ಳಲ್ಲ. ಆದರೆ ಮನೆಯಲ್ಲಿ ಯಾರು ಮೇಜಿನ ಮೇಲೆ ಆನೆಯನ್ನು ನಿಲ್ಲಿಸುವರು? ಆ ಸಂಖ್ಯೆಯು ಮೇಲಿನಿಂದ ಕೆಳಕ್ಕೆ ಬೀಳುವ ಭಾರದ್ದು. ಗರಗಸವೂ ಉಜ್ಜುಗೊರಡೂ ತಳ್ಳುವುದು ಅಡ್ಡಲಾಗಿ. ಉಜ್ಜುಗೊರಡನ್ನು ಒಮ್ಮೆ ನೂಕಿದೊಡನೆ ನಮ್ಮ ಮೇಜು ಮದುವೆಮನೆಯ ಬಾಡಿಗೆ ಕುರ್ಚಿಯಂತೆ ಓಲಾಡಿತು. ಮಳೆಗಾಲ ಬಂದಾಗ ಅದರ ಒತ್ತುಹಲಗೆಯು ತೇವವನ್ನು ಹೀರಿ, ಅಂಚುಗಳು ದೋಸೆಯ ಹಿಟ್ಟಿನಂತೆ ಉಬ್ಬಿದವು. ಆಮೇಲೆ ದವಡೆಗಳು ಮಧ್ಯದಲ್ಲಿ ಕೂಡುತ್ತಲೇ ಇರಲಿಲ್ಲ. ಅದು ಈಗ ಹಿತ್ತಲಿನಲ್ಲಿ ಹೂವಿನ ಕುಂಡಗಳನ್ನು ಹೊರುತ್ತಿದೆ. ಹೊರುವ ಕೆಲಸದಲ್ಲಿ ಈಗಲೂ ಅದಕ್ಕೆ ಒಳ್ಳೆಯ ಹೆಸರು.

ಆದಕಾರಣ ಎರಡನೆಯದನ್ನು ಅಂಗಡಿಗೆ ಹೋಗಿಯೇ ಕೊಂಡೆವು. ಬಿಚ್ಚಿ ನಿಲ್ಲಿಸಿ, ಎರಡು ಕೈಗಳಿಂದಲೂ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ನೂಕಿ ನೋಡಬೇಕು. ಅಂಗಡಿಯವನು ಹುಬ್ಬು ಗಂಟಿಕ್ಕಿದರೆ ಗಂಟಿಕ್ಕಲಿ. ಕಾಲುಗಳ ಕೀಲಿನಲ್ಲಿ ಟಕಟಕ ಸದ್ದು ಬಂದರೆ, ಮನೆಗೆ ಹೋದ ಮೇಲೆ ಅದು ಹೆಚ್ಚುವುದೇ ಹೊರತು ಕಡಿಮೆಯಾಗದು. ಕೆಳಗೆ ಪಾದವನ್ನಿಡಲು ಮೆಟ್ಟಿಲಿನಂತಹ ಪಟ್ಟಿ ಇದೆಯೇ ನೋಡಬೇಕು. ಇದನ್ನು ಬಹಳ ಮಂದಿ ಅಲಂಕಾರವೆಂದು ತಿಳಿಯುವರು. ಈ ಬಗೆಯ ಮೇಜುಗಳ ತೂಕ ಸಾಮಾನ್ಯವಾಗಿ ೭-೮ ಕಿಲೋದಿಂದ ೧೫ ಕಿಲೋವರೆಗೆ. ಅಷ್ಟು ಹಗುರವಾದುದು ಗರಗಸದ ಎಳೆತಕ್ಕೆ ಹೇಗೆ ನಿಂತೀತು? ಆ ಪಟ್ಟಿಯ ಮೇಲೆ ಒಂದು ಕಾಲನ್ನು ಊರಿದರೆ ನಮ್ಮ ದೇಹದ ಭಾರವೇ ಮೇಜಿನ ಭಾರವಾಗುವುದು. ಹೊತ್ತೊಯ್ಯುವಾಗ ಹಗುರ, ಕೆಲಸಮಾಡುವಾಗ ಭಾರ; ಇದಕ್ಕಿಂತ ಜಾಣತನ ಇನ್ನೇನಿದೆ?

ದವಡೆಯ ಮರವು ಬಿದಿರಿನ ಹಲಗೆಯೋ ಒಳ್ಳೆಯ ಪ್ಲೈವುಡ್ಡೋ ಆಗಿರಲಿ. ಮಲೆನಾಡಿನ ಮಳೆಯನ್ನು ಬಲ್ಲ ಶಿವಮೊಗ್ಗೆಯವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ತಿರುಪುಗಳು ಉಕ್ಕಿನವಾಗಿರಬೇಕು. ಎತ್ತರದ ವಿಷಯದಲ್ಲಿ ಹಳೆಯದೊಂದು ಅಳತೆಯುಂಟು: ನೆಟ್ಟಗೆ ನಿಂತು ಕೈಯನ್ನು ಇಳಿಬಿಟ್ಟರೆ ಮೇಜಿನ ಮೇಲ್ಭಾಗವು ಮಣಿಕಟ್ಟಿನ ಹತ್ತಿರ ಬರಬೇಕು. ಹೆಚ್ಚಿನವು ೭೫-೮೦ ಸೆಂಟಿಮೀಟರ್ ಇರುವುವು. ಎತ್ತರದ ಆಳಿಗೆ ಇದು ಬೆನ್ನುನೋವನ್ನು ತರುವುದು. ಕೆಲವಕ್ಕೆ ಕಾಲುಗಳನ್ನು ಅರ್ಧ ಮಡಿಸಿ ತಗ್ಗಿಸುವ ಏರ್ಪಾಡುಂಟು. ಮೊಣಕಾಲನ್ನು ಹಲಗೆಯ ಮೇಲೂರಿ ಗರಗಸ ಹಾಕಲು ಅದು ಬಹು ಅನುಕೂಲ, ಸಿಕ್ಕಿದರೆ ಬಿಡಬಾರದು. ಪಾದದಿಂದ ತುಳಿದು ಬಿಗಿಯುವ ಮೂರು ಕಾಲಿನ ಯಂತ್ರಗಳೂ ಬಂದಿವೆ. ಹಿಡಿತವು ಉಡದ ಹಿಡಿತವೇ. ಆದರೆ ತೂಕವೂ ಬೆಲೆಯೂ ಸಂಸಾರಸ್ಥರಿಗೆ ಹೆಚ್ಚು.

ಇಷ್ಟಾದರೂ ಉಜ್ಜುಗೊರಡಿನ ದೊಡ್ಡ ಕೆಲಸಕ್ಕೆ ಇದು ಸಾಲದೆಂದು ಒಪ್ಪಿಕೊಳ್ಳಬೇಕು. ಮೇಜಿನ ಒಂದು ಬದಿಯನ್ನು ಗೋಡೆಗೆ ಆನಿಸಿ, ಗೋಡೆಯ ಕಡೆಗೆ ನೂಕುವುದೇ ನಮಗೆ ತಿಳಿದ ಉಪಾಯ. ತಿರುಪಿಗೆ ಎಣ್ಣೆಯನ್ನು ಧಾರಾಳವಾಗಿ ಹಾಕಿದರೆ ಮರದ ಹೊಟ್ಟು ಅಂಟಿ ಗಸಿಯಾಗುವುದು. ಸ್ವಲ್ಪ ಮೇಣವನ್ನು ಸವರಿದರೆ ಸಾಕು. ಬಿಚ್ಚುವಾಗಲೂ ಮಡಿಸುವಾಗಲೂ ಮಕ್ಕಳನ್ನು ದೂರವಿಡತಕ್ಕದ್ದು: ಕೈಯನ್ನು ಕಾಪಾಡಲು ತಂದ ಯಂತ್ರದ ಕೀಲಿನಲ್ಲಿಯೇ ಬೆರಳು ಸಿಕ್ಕಿಕೊಂಡರೆ ಅಜ್ಜಿಯರಿಗೆ ಏನೆಂದು ಉತ್ತರ ಕೊಡುವುದು?

ತೊಟ್ಟಿಲು ಹೆರಿಗೆಗೆ ಮುನ್ನ ಸಿದ್ಧವಾಗಲಿಲ್ಲ. ಮಗು ಹುಟ್ಟಿ ಐದನೆಯ ತಿಂಗಳಿಗೆ, ಎರಡನೆಯ ಮೇಜು ಬಂದ ಮೇಲೆ, ಮುಗಿಯಿತು. ನಾಮಕರಣಕ್ಕೆ ಪಕ್ಕದ ಮನೆಯಿಂದ ಎರವಲು ತಂದೆವು. ಬಾಲಕನಿಗೆ ಈಗ ಹತ್ತು ವರ್ಷ. ಹೆಬ್ಬೆರಳಿನ ಬುಡದಲ್ಲಿ ಬಿಳಿಯ ಗೆರೆಯೊಂದು ಉಳಿದಿದೆ. ತಿರುಪು ಬಿಗಿಯುವ ಅಧಿಕಾರ ಅವನದು. ಬಿಗಿದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ನಿಂತು “ಆಯಿತು ತಾತ” ಎನ್ನುವವರೆಗೆ ನಾವು ಉಳಿಯನ್ನು ಮುಟ್ಟುವುದಿಲ್ಲ.

ಆದುದರಿಂದ ಶಿವಮೊಗ್ಗೆಯ ಸೋದರಿಯವರು ಯಜಮಾನರಿಗೆ ಅಪ್ಪಣೆ ಕೊಡಬಹುದು. ಒಂದು ಷರತ್ತನ್ನು ಹಾಕಲಿ: ಮೇಜು ಬಂದ ಮೇಲೆ ಅದರ ಮೊದಲನೆಯ ಕೆಲಸವು ಊಟದ ಮೇಜಿನ ಏಳು ಗಾಯಗಳನ್ನು ತುಂಬಿ ನುಣುಪುಮಾಡುವುದೇ ಆಗಿರಲಿ. ಮಡಿಸಿದರೆ ಅದು ಬಾಗಿಲ ಹಿಂದೆ ಒಂದು ಗೇಣು ಜಾಗದಲ್ಲಿ ನಿಲ್ಲುವುದು. ನಮ್ಮ ಮನೆಯಲ್ಲಿ ಅದು ಅಕ್ಕಿಯ ಡಬ್ಬಿಯ ಪಕ್ಕದಲ್ಲಿದೆ. ಆ ಸ್ಥಳವನ್ನು ತೋರಿಸಿಕೊಟ್ಟವರು ನಮ್ಮ ಮನೆಯವರೇ.