ಪೇಪರ್‌ದಾಗ ಇಲ್ಲದ ಹೆಸರು

ನಮ್ಮ ಕ್ಲಾಸಿನಲ್ಲಿ ಖಾನಾಪುರದ ಹುಡುಗ ಒಬ್ಬನಿದ್ದಾನೆ. ಹೆಸರು ಹಾಕಬ್ಯಾಡ ಅಂದಾನ, ಹಾಕೋದಿಲ್ಲ. ದಿನಾ ಬಸ್ಸಿಗೆ ಬೆಳಗಾವಿಗೆ ಬಂದು ಹೋಗ್ತಾನೆ. ಕಾಲೇಜು ಕ್ರಿಕೆಟ್ ಟೀಮಿನಲ್ಲಿ ಪಾಯಿಂಟ್‌ಗೆ ನಿಲ್ಲುತ್ತಾನೆ, ಸ್ಪಿನ್ನರ್ ಬಂದರೆ ಹೆಲ್ಮೆಟ್ ಹಾಕ್ಕೊಂಡು ಶಾರ್ಟ್ ಲೆಗ್‌ಗೆ. ಬ್ಯಾಟಿಂಗ್ ಏಳನೇ ನಂಬರ್, ಬೌಲಿಂಗ್ ಇಲ್ಲ. ಅವನು ಟೀಮಿನಲ್ಲಿರೋದು ಬಾಲ್ ತಡೆಯೋದಕ್ಕೆ, ಅಷ್ಟೇ.

ಹೋದ ವರ್ಷ ನಾವೊಂದು ಮ್ಯಾಚ್ ಒಂಬತ್ತು ರನ್ನಿಂದ ಗೆದ್ದೆವು. ಅವತ್ತು ಪಾಯಿಂಟ್‌ನಲ್ಲಿ ಅವನು ಡೈವ್ ಹೊಡೆದು ನಿಲ್ಲಿಸಿದ ಫೋರ್‌ಗಳೇ ಮೂರೋ ನಾಲ್ಕೋ ಇದ್ದವು. ಮರುದಿನ ಪೇಪರ್‌ನ ಲೋಕಲ್ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಇವನು ಕಟ್ ಮಾಡಿಕೊಂಡು ಮನೆಗೆ ಒಯ್ದ. ಅವರಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡೋರು. ಓದಿ ಕೇಳಿದ್ದು ಒಂದೇ ಮಾತು: "ಇದರಾಗ ನಿನ್ನ ಹೆಸರು ಎಲ್ಲಿ ಐತೋ, ತೋರ್ಸು."

ಇರಲಿಲ್ಲ. ಐವತ್ತು ಹೊಡೆದವನದಿತ್ತು, ನಾಲ್ಕು ವಿಕೆಟ್ ತೆಗೆದವನದಿತ್ತು. ಆ ಸೆಮಿಸ್ಟರ್‌ನಲ್ಲೇ ಹಾಜರಿ ಕಮ್ಮಿ ಬಿತ್ತು, ಒಂದು ಸಬ್ಜೆಕ್ಟ್ ಬ್ಯಾಕ್ ಉಳಿಯಿತು. ಈಗ ಆಟ ಬಿಡತೀನಿ ಅಂತಿದ್ದಾನೆ. ನಾನು ಈ ಲೇಖನ ಬರೀತಿರೋದು ಅದಕ್ಕೇ.

ಅಪ್ಪನ ಪ್ರಶ್ನೆ ತಪ್ಪಲ್ಲ. ನಾನು ಹೇಳೋದು, ಉತ್ತರ ಕೊಡಬೇಕಾದವನು ಮಗ ಅಲ್ಲ, ನಾವು ಇಟ್ಟಿರೋ ಸ್ಕೋರ್‌ಬುಕ್ಕು.

ಇಂಟರ್ನಲ್ಸ್ ಹಿಂದಿನ ರಾತ್ರಿ ಓದೋದು ಬಿಟ್ಟು ನಾನು ಅರ್ಜುನ್ ನಿಮ್ಮಲ ಅನ್ನೋ ಹುಡುಗನ ವಿಡಿಯೋ ನೋಡ್ತಾ ಕೂತಿದ್ದೆ. ಹೆಸರು ನೋಡಿದರೆ ಗೊತ್ತಾಗುತ್ತೆ, ತೆಲುಗು ಮನೆತನ. ಹುಟ್ಟಿ ಬೆಳೆದದ್ದು ಅಮೆರಿಕದ ಫ್ಲೋರಿಡಾದಲ್ಲಿ. 2023ರ ಬೇಸ್‌ಬಾಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ 20ನೆಯವನಾಗಿ ಟೊರಾಂಟೊ ಬ್ಲೂ ಜೇಸ್ ತಂಡ ಅವನನ್ನು ಆರಿಸಿತು, 30 ಲಕ್ಷ ಡಾಲರ್‌ಗೆ. ಆಗ ವಯಸ್ಸು ಹದಿನೇಳು. ಆಡುವ ಜಾಗ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಂತು, ನೆಲ ಹಿಡಿದು ಬರೋ ಬಾಲನ್ನು ಎತ್ತಿ ಮೊದಲನೇ ಬೇಸ್‌ಗೆ ಎಸೆಯೋನು. ನಮ್ಮ ಪಾಯಿಂಟ್ ಫೀಲ್ಡರ್‌ನ ಅಣ್ಣ ಅನ್ನಿ. ಅಲ್ಲಿ ಬಲಗೈ ಬ್ಯಾಟರುಗಳೇ ಜಾಸ್ತಿ, ಅವರು ಹೊಡೆದ ಬಾಲ್ ಬಹಳಷ್ಟು ಬರೋದು ಆ ಕಡೆಗೇ.

ನನ್ನ ಕಣ್ಣಿಗೆ ಬಿದ್ದದ್ದು ಡಾಲರ್ ಅಲ್ಲ, ಸ್ಕೋರ್ ಬರೆಯೋ ರೀತಿ. ಬೇಸ್‌ಬಾಲ್‌ನಲ್ಲಿ ಪ್ರತಿ ಫೀಲ್ಡರ್ ನಿಲ್ಲೋ ಜಾಗಕ್ಕೂ ಒಂದು ನಂಬರ್ ಇದೆ. ಬಾಲ್ ಎಸೆಯೋ ಪಿಚರ್ 1, ಕ್ಯಾಚರ್ 2, ಮೊದಲನೇ ಬೇಸ್ 3, ಎರಡನೇದು 4, ಮೂರನೇದು 5, ಶಾರ್ಟ್‌ಸ್ಟಾಪ್ 6. ಬಾಲ್ ಶಾರ್ಟ್‌ಸ್ಟಾಪ್ ಕೈಗೆ ಬಂದು, ಅಲ್ಲಿಂದ ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲನೇದಕ್ಕೆ ಹೋಗಿ ಇಬ್ಬರು ಔಟಾದರೆ ಸ್ಕೋರರ್ 6-4-3 ಅಂತ ಬರೀತಾನೆ. ಮೂರು ಅಂಕಿಯಲ್ಲಿ ಮೂವರ ಕೆಲಸವೂ ದಾಖಲು. ಬಾಲ್ ಬಿಟ್ಟರೆ ಅದೂ ದಾಖಲು, ಎರರ್ ಅಂತ. ಸೀಸನ್ ಮುಗಿದಾಗ ಆ ಹುಡುಗ ಎಷ್ಟು ಹಿಡಿದ, ಎಷ್ಟು ಎಸೆದ, ಎಷ್ಟು ಬಿಟ್ಟ, ಎಲ್ಲ ಕಾಗದದ ಮೇಲೆ ಇರುತ್ತೆ. ಸಂಬಳ ಮಾತಾಡುವಾಗ ಆ ಕಾಗದವೂ ಟೇಬಲ್ ಮೇಲೆ ಬರುತ್ತೆ.

ನಮ್ಮಲ್ಲಿ? ಬೆಳಗಾವಿಯ ರೋನಿತ್ ಮೋರೆ 2019ರ ಜನವರಿಯಲ್ಲಿ ಸೌರಾಷ್ಟ್ರದ ವಿರುದ್ಧ ರಣಜಿ ಸೆಮಿಫೈನಲ್‌ನ ಮೊದಲ ಇನ್ನಿಂಗ್ಸ್‌ನಲ್ಲಿ ಆರು ವಿಕೆಟ್ ತೆಗೆದದ್ದು ಯಾವ ಸ್ಕೋರ್‌ಕಾರ್ಡ್ ತೆಗೆದರೂ ಸಿಗುತ್ತೆ. ಸಿಗಲೇಬೇಕು, ನಮ್ಮ ಊರಿನ ಹೆಮ್ಮೆ. ಆದರೆ ಅವತ್ತು ಕವರ್‌ನಲ್ಲಿ, ಪಾಯಿಂಟ್‌ನಲ್ಲಿ ನಿಂತವರು ಎಷ್ಟು ರನ್ ಉಳಿಸಿದರು ಅಂತ ಅದೇ ಕಾರ್ಡಿನಲ್ಲಿ ಹುಡುಕಿ ನೋಡ್ರಿ. ಕ್ಯಾಚ್ ಹಿಡಿದರೆ ಹೆಸರು, ಇಲ್ಲದಿದ್ದರೆ ಮಣ್ಣು ಮೆತ್ತಿದ ಪ್ಯಾಂಟ್ ಅಷ್ಟೇ ಸಾಕ್ಷಿ.

ಬೇಸ್‌ಬಾಲ್ ಸ್ವರ್ಗ ಅಂತ ನಾನು ಹೇಳ್ತಿಲ್ಲ ಮತ್ತೆ. ಡ್ರಾಫ್ಟ್ ಆದವನು ನೇರವಾಗಿ ಟಿವಿಯಲ್ಲಿ ಬರೋದಿಲ್ಲ. ಕೆಳಗೆ ತರಬೇತಿ ಕೇಂದ್ರದ ಲೀಗು, ಮೇಲೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಮೆಟ್ಟಿಲು ಹತ್ತಿ ಹೋಗಬೇಕು. ನಿಮ್ಮಲ 2024ರಲ್ಲಿ ಸಿಂಗಲ್-ಎ ತಂಡದಲ್ಲಿ ಬ್ಯಾಟೇ ತಗಲದೆ ಒದ್ದಾಡಿದ. ತಂಡದವರು ಮನೆಗೆ ಕಳಿಸಲಿಲ್ಲ. ಕೆಲವು ವಾರ ಮ್ಯಾಚ್ ನಿಲ್ಲಿಸಿ ಮತ್ತೆ ತರಬೇತಿ ಕೇಂದ್ರಕ್ಕೆ ಹಾಕಿದರು, ಹೊಡೆತ ತಿದ್ದಿದರು. ವಾಪಸ್ ಬಂದು ಆಡಿದ, ಆ ವರ್ಷ ಒಟ್ಟು 17 ಹೋಮ್ ರನ್ ಹೊಡೆದ. 2025ರಲ್ಲಿ ಹೈ-ಎಗೆ, ವ್ಯಾಂಕೂವರ್‌ಗೆ ಹೋದ. ಅಲ್ಲಿಂದ ಮೇಜರ್ ಲೀಗ್‌ಗೆ ನಡುವೆ ಇನ್ನೂ ಎರಡು ಮೆಟ್ಟಿಲು.

ಆ ಮೆಟ್ಟಿಲ ಮೇಲೆ ಕೂತವರ ಹೊಟ್ಟೆಪಾಡು ಮೊನ್ನೆಮೊನ್ನೆವರೆಗೂ ಕೆಟ್ಟದಾಗಿತ್ತು. ತರಬೇತಿ ಲೀಗಿನ ಹುಡುಗನಿಗೆ ವರ್ಷಕ್ಕೆ 4,800 ಡಾಲರ್. ಸಿಂಗಲ್-ಎಗೆ 11,000. ಒಂದೇ ಮನೆಯಲ್ಲಿ ಐದಾರು ಜನ ನೆಲದ ಮೇಲೆ ಮಲಗೋದು, ಸೀಸನ್ ಇಲ್ಲದಾಗ ಸಿಕ್ಕ ಕೆಲಸಕ್ಕೆ ಹೋಗೋದು. ಅದನ್ನು ಬದಲಾಯಿಸಲು ಹೊರಟವರಲ್ಲಿ ಗ್ಯಾರೆಟ್ ಬ್ರೋಷುಯಿಸ್ ಅನ್ನೋ ಹಳೇ ಆಟಗಾರ ಒಬ್ಬ. ಮೈನರ್ ಲೀಗ್‌ನಲ್ಲೇ ಉಳಿದವನು, ಮೇಲಕ್ಕೆ ಹೋಗಲೇ ಇಲ್ಲ. ಆಟ ಬಿಟ್ಟ ಮೇಲೆ ಕಾನೂನು ಓದಿದ, 2014ರಲ್ಲಿ ಆಟಗಾರರ ಪರ ಕೇಸ್ ಹಾಕಿದ. 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದೇ ವರ್ಷ ಈ ಹುಡುಗರು ಆಟಗಾರರ ಸಂಘ ಸೇರಿದರು. 2023ರ ಒಪ್ಪಂದದಲ್ಲಿ 4,800 ಇದ್ದದ್ದು 19,800 ಆಯಿತು, 11,000 ಇದ್ದದ್ದು 26,200. ಓದು ಬೇರೆ ಆಟ ಬೇರೆ ಅನ್ನೋ ನಮ್ಮ ಸ್ಟಾಫ್ ರೂಮಿನ ಗೋಡೆಗೆ ಈ ಬ್ರೋಷುಯಿಸ್‌ನ ಫೋಟೋ ಅಂಟಿಸಬೇಕು ಅಂತ ನನಗೆ ಭಾಳ ದಿನದಿಂದ ಆಸೆ.

ಇಲ್ಲಿ ದುಡ್ಡು ಇಲ್ಲವೇ ಇಲ್ಲ ಅಂತಲ್ಲ. ಬಿಸಿಸಿಐ 2021ರಲ್ಲಿ ನಿಗದಿ ಮಾಡಿದ ಪ್ರಕಾರ, 20 ಮ್ಯಾಚ್ ಒಳಗಿನ ಹೊಸ ರಣಜಿ ಆಟಗಾರನಿಗೂ ದಿನಕ್ಕೆ 40,000 ರೂಪಾಯಿ. ಲೆಕ್ಕ ಹಾಕಿ: ಏಳು ಲೀಗ್ ಮ್ಯಾಚ್, ನಾಲ್ಕು ದಿನದ್ದು, 11 ಲಕ್ಷ 20 ಸಾವಿರ. ನಮ್ಮ ಕ್ಯಾಂಪಸ್ಸಿಗೆ ಬರೋ ಎಷ್ಟೋ ಕಂಪನಿಗಳ ಆಫರ್ ಲೆಟರ್ ಇದರ ಮುಂದೆ ತಲೆ ತಗ್ಗಿಸುತ್ತೆ. ಆದರೆ ಅದು ಹನ್ನೊಂದು ಜನರ ಪಾಲು. ಅದರ ಕೆಳಗೆ ಖಾನಾಪುರದಿಂದ ಬೆಂಗಳೂರಿನವರೆಗೆ ಮೆಟ್ಟಿಲೇ ಕಾಣೋದಿಲ್ಲ, ಬರೇ ಗೋಡೆ. ಅಲ್ಲಿ ಮಳೆಗಾಲವೂ ಸಣ್ಣದಲ್ಲ, ಜೂನ್‌ನಿಂದ ನಾಲ್ಕು ತಿಂಗಳು ಮೈದಾನ ಕೆಸರು ಗದ್ದೆ. ಈ ನಡುವಿನ ಹುಡುಗನಿಗೆ ದುಡ್ಡಂತೂ ಇಲ್ಲ, ಕಡೇಪಕ್ಷ ಕಾಗದವಾದರೂ ಬೇಕಲ್ಲ?

ಹಿಂದೆ ಸೈನ್ಯ, ರೈಲ್ವೆ ಅಂತ ಒಂದು ಆಸರೆ ಇತ್ತು. 1964ರ ಟೋಕಿಯೋ ಒಲಿಂಪಿಕ್ಸ್ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಒಂದೂ ಗೋಲು ಬಿಡದ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ಮರಾಠಾ ಲೈಟ್ ಇನ್‌ಫೆಂಟ್ರಿಯವರು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ, ನಮ್ಮಲ್ಲಿ ಎಷ್ಟು ಜನ ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗ್ತೀವೋ. ಆ ಮ್ಯಾಚ್ 1-0. ಗೋಲು ಹೊಡೆದವರು ಮೋಹಿಂದರ್ ಲಾಲ್. ತಡೆದವರ ಲೆಕ್ಕಕ್ಕೆ ಸ್ಕೋರ್‌ನಲ್ಲಿ ಉಳಿದದ್ದು ಒಂದು ಸೊನ್ನೆ.

ನಾವು ಎಂಜಿನಿಯರಿಂಗ್ ಓದೋರು. ಡೇಟಾ ಡೇಟಾ ಅಂತ ದಿನಾ ಬಾಯಿ ಬಡ್ಕೊಳ್ಳೋರು. ಕಾಲೇಜು ಟೂರ್ನಮೆಂಟಿನ ಸ್ಕೋರ್‌ಬುಕ್ಕಿಗೆ ಫೀಲ್ಡಿಂಗ್ ಕಾಲಂ ಹಾಕೋದಕ್ಕೆ ಯಾರ ಪರ್ಮಿಷನ್ ಬೇಕು? ತಡೆದದ್ದು, ಬಿಟ್ಟದ್ದು, ನೇರ ಎಸೆತ, ಇಷ್ಟು ಸಾಕು. ಅದಕ್ಕೆ ಪಿಇ ಸರ್ ಸಹಿ ಹಾಕಿದರೆ ಯೂನಿವರ್ಸಿಟಿ ಟೀಮಿನ ಸೆಲೆಕ್ಷನ್‌ಗೆ ಹೋದಾಗ ಹುಡುಗನ ಕೈಯಲ್ಲಿ ಏನೋ ಒಂದು ಇರುತ್ತೆ. ಇನ್ನೊಂದು, ಮ್ಯಾಚಿಗೆ ಹೋಗೋ ಮೊದಲೇ ಆಟಗಾರರ ಪಟ್ಟಿ ವಿಭಾಗಕ್ಕೆ ತಲುಪಲಿ. ಸೆಮಿಸ್ಟರ್ ಕೊನೆಗೆ ಹಾಜರಿಗಾಗಿ ಅವನು ಒಂದೊಂದೇ ಬಾಗಿಲು ತಟ್ಟಿಕೊಂಡು ನಿಲ್ಲೋದನ್ನ ನಾನು ನೋಡಿದ್ದೀನಿ. ಶಾರ್ಟ್ ಲೆಗ್‌ನಲ್ಲಿ ನಿಂತಾಗಲೂ ಅವನ ಮುಖ ಹಂಗ ಆಗಿರಲಿಲ್ಲ.

ಕಳೆದ ಭಾನುವಾರ ಲೇಲೆ ಮೈದಾನದಲ್ಲಿ ಪ್ರಾಕ್ಟೀಸ್ ಮ್ಯಾಚ್ ಇತ್ತು. ನಾನು ಲ್ಯಾಬ್ ರೆಕಾರ್ಡಿನ ಹಿಂದಿನ ಹಾಳೆಯಲ್ಲಿ ಗೆರೆ ಹಾಕ್ಕೊಂಡು ಕೂತೆ. ಅವನ ಕಡೆ ಹೋದ ಬಾಲ್ 23. ತಡೆದದ್ದು 21, ಬಿಟ್ಟದ್ದು 2. ಹಾಳೆ ಹರಿದು ಕೊಟ್ಟೆ. "ಬಿಟ್ಟಿದ್ದೂ ಬರದೀಯಲ್ಲಲೇ" ಅಂತ ಬೈದ. ಆಮೇಲೆ ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿ ಇಟ್ಕೊಂಡು ಖಾನಾಪುರದ ಬಸ್ ಹತ್ತಿದ.