ಸೀಮಂತಕ್ಕೆ ಮುನ್ನ

ಮನೆಯ ಸೊಸೆಗೆ ಏಳನೆಯ ತಿಂಗಳು ಬಂದಿತೆಂದರೆ ನಮ್ಮ ಸೀಮೆಯಲ್ಲಿ ಸಂಭ್ರಮವೇ ಸಂಭ್ರಮ. ತುಳುವರು ಅದನ್ನು ಬಯಕೆಯೆನ್ನುವರು, ಮಿಕ್ಕವರು ಸೀಮಂತವೆನ್ನುವರು. ಹೆಸರು ಯಾವುದಾದರೇನು? ಹಸುರು ಬಳೆ, ಮಲ್ಲಿಗೆ, ಬಗೆಬಗೆಯ ತಿಂಡಿಗಳಿಂದ ಗರ್ಭಿಣಿಯನ್ನು ಸಂತೋಷಪಡಿಸುವುದು ಬಹು ಒಳ್ಳೆಯ ಆಚಾರವು. ಆದರೆ ವಾಚಕ ಮಹಾಶಯರು ಒಂದು ಮಾತನ್ನು ಆಲೋಚಿಸಬೇಕು. ತಾಯಿಯ ಆರೈಕೆಯು ಅಂದಿನಿಂದ ತೊಡಗಿದರೆ ಸಾಕಾಗುವುದೇ?

ನಮ್ಮ ಪೂರ್ವಿಕರು ಸಂಸ್ಕಾರಗಳನ್ನು ಎಣಿಸುವಾಗ ಗರ್ಭಾಧಾನವನ್ನು ಮೊದಲನೆಯದಾಗಿಯೂ ಸೀಮಂತೋನ್ನಯನವನ್ನು ಮೂರನೆಯದಾಗಿಯೂ ಇಟ್ಟರು. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜವೆಂಬ ನಾಲ್ಕೂ ಕೂಡಬೇಕೆಂದು ಹೇಳಿ, ಅದಕ್ಕೆ ಮೊಳಕೆಯ ಉಪಮಾನವನ್ನು ಕೊಟ್ಟಿದೆ. ಏಣಿಲು ಬೆಳೆಯ ಗದ್ದೆಯನ್ನು ಉತ್ತು ಹದಗೊಳಿಸುವುದು ಬಿತ್ತುವುದಕ್ಕೆ ಮೊದಲೋ, ತೆನೆ ಬಂದ ಮೇಲೋ? ಒಕ್ಕಲಿಗನಿಗೆ ತಿಳಿದ ಈ ಸಂಗತಿಯನ್ನು ಓದುಬರಹ ಬಲ್ಲ ಗೃಹಸ್ಥರಾದ ನಾವು ಮರೆಯಬಹುದೇ? ಕೆಲವು ರಕ್ಷಣೆಗಳನ್ನು ಗರ್ಭ ನಿಲ್ಲುವುದಕ್ಕೆ ಮುಂಚೆಯೇ ಪಡೆಯತಕ್ಕದ್ದು. ಅನಂತರ ಬೇಕೆಂದರೂ ಕೊಡುವಂತಿಲ್ಲ. ಈ ತಿಂಗಳ ಲೇಖನದ ತಾತ್ಪರ್ಯವು ಇಷ್ಟೇ.

ರುಬೆಲ್ಲಾ ಎಂಬ ರೋಗವನ್ನೇ ತೆಗೆದುಕೊಳ್ಳೋಣ. ಇದು ದಡಾರವನ್ನು ಹೋಲುವುದು. ಸಣ್ಣ ಜ್ವರ, ಮೈಮೇಲೆ ಕೆಂಪು ದದ್ದು, ಮೂರು ದಿನಗಳಲ್ಲಿ ವಾಸಿ. ಬಂದುಹೋದುದು ಕೆಲವರಿಗೆ ತಿಳಿಯುವುದೂ ಇಲ್ಲ. ಆದರೆ ಗರ್ಭದ ಮೊದಲ ಮೂರು ತಿಂಗಳಲ್ಲಿ ಇದು ತಾಯಿಗೆ ತಗಲಿದರೆ ಗರ್ಭಪಾತವಾಗಬಹುದು. ಇಲ್ಲವೇ ಹುಟ್ಟುವ ಮಗುವಿನ ಕಣ್ಣಿಗೆ ಪೊರೆ, ಕಿವಿಗೆ ಕಿವುಡು, ಹೃದಯಕ್ಕೆ ದೋಷ ಉಂಟಾಗಬಹುದು. 1941ನೆಯ ಇಸವಿಯಲ್ಲಿ ಆಸ್ಟ್ರೇಲಿಯಾದ ನಾರ್ಮನ್ ಗ್ರೆಗ್ ಎಂಬ ನೇತ್ರವೈದ್ಯರು ಹುಟ್ಟುಪೊರೆಯ ಶಿಶುಗಳ ತಾಯಂದಿರನ್ನು ವಿಚಾರಿಸಿ ಈ ಸಂಬಂಧವನ್ನು ಮೊದಲು ಕಂಡುಹಿಡಿದರು. ಮುಂದಿನ ಸಾಲಿನಲ್ಲಿ ಕುಳ್ಳಿರಿಸಿದರೂ ಪಾಠವು ಕಿವಿಗೆ ಬೀಳದೆ ಉಪಾಧ್ಯಾಯನ ತುಟಿಗಳನ್ನೇ ನೋಡುತ್ತಿರುವ ಮಗುವನ್ನು ತರಗತಿಯಲ್ಲಿ ಕಂಡವರಿಗೆ ಮೂರು ದಿನದ ಜ್ವರದ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಕಿವುಡಿಗೆ ಕಾರಣಗಳು ಹಲವಿವೆ, ನಿಜ. ಆದರೆ ಇದೊಂದು ಕಾರಣವನ್ನು ನಾವು ತಡೆಯಬಲ್ಲೆವು.

ತಡೆಯುವ ಲಸಿಕೆಯುಂಟು. 2017ನೆಯ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ನಮ್ಮ ಕರ್ನಾಟಕವೂ ಸೇರಿದಂತೆ ಐದು ಪ್ರಾಂತಗಳಲ್ಲಿ ಮೊದಲಾಗಿ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಾಕಲಾಯಿತು. ಅಂದು ಹದಿನೈದು ತುಂಬಿದ್ದ ಹೆಣ್ಣುಮಕ್ಕಳು ಅದಕ್ಕೆ ಹೊರಗಾದರು. ಅವರೇ ಇಂದು ಮದುವೆಯಾಗಿ ನಮ್ಮ ಮನೆಗಳನ್ನು ತುಂಬುತ್ತಿರುವವರು! ಬಾಲ್ಯದಲ್ಲಿ ಖಾಸಗಿಯಾಗಿ ಹಾಕಿಸಿದ್ದರೆ ಚೀಟಿಯನ್ನು ಹುಡುಕಿ ನೋಡಬೇಕು. ಚೀಟಿಯು ಸಿಕ್ಕದಿದ್ದರೆ ವೈದ್ಯರು ರಕ್ತವನ್ನು ಪರೀಕ್ಷಿಸುವರು, ಇಲ್ಲವೇ ಲಸಿಕೆಯನ್ನೇ ಹಾಕುವರು. ಎರಡನೆಯ ಬಾರಿ ಹಾಕಿಸಿದುದರಿಂದ ಹಾನಿಯಿಲ್ಲ. ಇದು ಸಜೀವ ಲಸಿಕೆಯಾದ್ದರಿಂದ ಗರ್ಭಿಣಿಯರಿಗೆ ಸಲ್ಲದು. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳತಕ್ಕದ್ದು. ಸೀತಾಳೆ ಸಿಡುಬಿನ ಲಸಿಕೆಗೂ ಇದೇ ನಿಯಮವು. ತಿಳಿಯದೆ ಗರ್ಭದ ಆರಂಭದಲ್ಲಿ ಹಾಕಿಸಿಕೊಂಡಿದ್ದರೆ ಗಾಬರಿಯಿಂದ ಗರ್ಭವನ್ನು ತೆಗೆಸಬೇಕಾದುದಿಲ್ಲ. ವೈದ್ಯರಿಗೆ ತಿಳಿಸಿದರೆ ಸಾಕು.

ಲಸಿಕೆಯೆಂದರೆ ಇಂದಿಗೂ ಅಂಜುವವರು ಕೆಲವರುಂಟು. ಈ ಅಂಜಿಕೆಯು ಹೊಸತಲ್ಲ. ನಮ್ಮ ಉರ್ವದಲ್ಲಿ ಮಾರಿಗುಡಿಯಿದೆ. ಸಿಡುಬನ್ನು ಅಮ್ಮನೆಂದೇ ಕರೆದು ಮಾರಿಯಮ್ಮನಿಗೆ ಮೊರೆಯಿಟ್ಟ ಕಾಲವೊಂದು ದಕ್ಷಿಣದೇಶಕ್ಕೆಲ್ಲ ಇದ್ದಿತು. ಜೆನ್ನರ್ ವೈದ್ಯನು 1796ರಲ್ಲಿ ಕಂಡುಕೊಂಡ ಗೋಸಿಡುಬಿನ ಲಸಿಕೆಯು 1802ರಲ್ಲಿ ಮುಂಬಯಿಗೆ ಬಂದಾಗ ಜನರು ಬೆದರಿದರು. ಮೈಸೂರಿನಲ್ಲಿ ಆ ಬೆದರಿಕೆಯನ್ನು ಕಳೆಯಲು ಮುಂದಾದವರು ಅರಮನೆಯ ಸ್ತ್ರೀಯರೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯು ಲಸಿಕೆ ಹಾಕಿಸಿಕೊಂಡುದನ್ನು ರಾಣಿ ಲಕ್ಷ್ಮಮ್ಮಣ್ಣಿಯು 1806ರಲ್ಲಿ ಪ್ರಜೆಗಳಿಗೆ ತಿಳಿಯಪಡಿಸಿದಳು. ಥಾಮಸ್ ಹಿಕಿಯು 1805ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವ ತರುಣಿಯು ಈ ದೇವಾಜಮ್ಮಣ್ಣಿಯೇ ಎಂಬುದು ಇತಿಹಾಸಜ್ಞರ ಅಭಿಪ್ರಾಯವು. ಹೊಸತಾಗಿ ಮನೆಗೆ ಬಂದ ಸೊಸೆಗೆ ಮೊದಲು ರಕ್ಷೆ ಕಟ್ಟಿಸಿದ ಆ ಹಿರಿಯಳ ವಿವೇಕವನ್ನು ನೋಡಿರಿ! 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಮಾರಿಯಮ್ಮನ ಪೂಜೆಯು ಮಾತ್ರ ನಿಲ್ಲಲಿಲ್ಲ. ಭಕ್ತಿಗೂ ಲಸಿಕೆಗೂ ವಿರೋಧವೆಲ್ಲಿಯದು?

ಇನ್ನುಳಿದವುಗಳನ್ನು ಸಂಕ್ಷೇಪವಾಗಿ ಹೇಳುವೆನು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗವು ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡಬಲ್ಲುದು. ರಕ್ತವನ್ನು ಪರೀಕ್ಷಿಸಿಕೊಂಡು, ಬೇಕಾದವರು ಆರು ತಿಂಗಳಲ್ಲಿ ಮೂರು ಸಲ ಚುಚ್ಚಿಸಿಕೊಳ್ಳಬೇಕು. ಧನುರ್ವಾಯು ಮತ್ತು ಗಂಟಲಮಾರಿಗಳನ್ನು ತಡೆಯುವ ಚುಚ್ಚುಮದ್ದನ್ನು ಗರ್ಭಿಣಿಯರಿಗೇ ಕೊಡುವರು. ಹಿಂದೆ ಹಸುಗೂಸುಗಳನ್ನು ಕೊಲ್ಲುತ್ತಿದ್ದ ಧನುರ್ವಾಯುವು ಇಂತಹ ಚುಚ್ಚುಮದ್ದಿನಿಂದಲೂ ಶುಚಿಯಾದ ಹೆರಿಗೆಯಿಂದಲೂ ಅಡಗಿ, 2015ರಲ್ಲಿ ಭಾರತವು ಆ ಪೀಡೆಯನ್ನು ನಿವಾರಿಸಿದ ದೇಶವೆನಿಸಿತು. ಶೀತಜ್ವರದ ನಿರ್ಜೀವ ಲಸಿಕೆಯನ್ನೂ, ನಾಯಿಕೆಮ್ಮಿನ ಲಸಿಕೆಯನ್ನೂ ಗರ್ಭಿಣಿಯರು ವೈದ್ಯರ ಸಲಹೆಯಂತೆ ಪಡೆಯಬಹುದು.

ಲಸಿಕೆಯೊಡನೆ ಮತ್ತೆರಡು ಸಂಗತಿಗಳು ಮುಖ್ಯ. ಶಿಶುವಿನ ಮಿದುಳು ಬೆನ್ನುಹುರಿಗಳಿಗೆ ಮೂಲವಾದ ನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುವುದು. ಅಷ್ಟರಲ್ಲಿ ತಾಯಿಗೆ ತಿಳಿದಿರುವುದು ಮುಟ್ಟು ಕೆಲವು ದಿನ ತಡವಾಯಿತೆಂಬುದು ಮಾತ್ರ! ಆದಕಾರಣ ಆ ನಾಳದ ದೋಷವನ್ನು ಬಹುಮಟ್ಟಿಗೆ ತಡೆಯುವ ಫೋಲಿಕ್ ಆಮ್ಲದ ಗುಳಿಗೆಯನ್ನು, ದಿನಕ್ಕೆ 400 ಮೈಕ್ರೋಗ್ರಾಂ ಪ್ರಮಾಣದಲ್ಲಿ, ಗರ್ಭಕ್ಕೆ ಒಂದೆರಡು ತಿಂಗಳು ಮೊದಲೇ ತೊಡಗಿ ಮೂರನೆಯ ತಿಂಗಳವರೆಗೆ ಸೇವಿಸತಕ್ಕದ್ದು. ಎರಡನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ಸೊಸೆಗೆ ರಕ್ತವೆಲ್ಲಿಂದ ಬರಬೇಕು? ಹುರುಳಿ, ಹರಿವೆ, ನುಗ್ಗೆಸೊಪ್ಪು ಅವಳ ಎಲೆಗೂ ಬೀಳಲಿ. ಊಟದ ಜೊತೆಗೇ ಚಹಾ ಕಾಫಿ ಬೇಡ. ಕೊರತೆಯಿದ್ದರೆ ಕಬ್ಬಿಣದ ಗುಳಿಗೆಯನ್ನು ತಪ್ಪಿಸಕೂಡದು. ಸಿಹಿಮೂತ್ರ, ರಕ್ತದೊತ್ತಡ, ಥೈರಾಯ್ಡ್, ಮೂರ್ಛೆರೋಗಗಳಿಗೆ ಔಷಧ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸದೆ, ಮುಂಚಿತವಾಗಿ ವೈದ್ಯರನ್ನು ಕೇಳಿ ಬೇಕಾದಂತೆ ಬದಲಿಸಿಕೊಳ್ಳಬೇಕು.

ನಮ್ಮ ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಯ ಬಾಗಿಲನ್ನು ಬೇನೆ ತೊಡಗಿದ ಮೇಲೆಯೇ ತಟ್ಟಬೇಕೆಂಬ ಶಾಸನವೇನೂ ಇಲ್ಲ. ಸಲಹೆಗಾಗಿ ಗಂಡಹೆಂಡಿರಿಬ್ಬರೂ ವೈದ್ಯರಲ್ಲಿಗೆ ಹೋಗುವುದು ಲೇಸು. ಗಂಡನ ಹೊಗೆಬತ್ತಿ ಮದ್ಯಗಳ ಚಟವೂ, ಅವನ ಆರೋಗ್ಯವೂ ಅಲ್ಲಿ ವಿಚಾರಣೆಗೆ ಬರತಕ್ಕ ವಿಷಯಗಳೇ.

ಮದುವೆಯಾಗಿ ಆರು ತಿಂಗಳಾಗುವಷ್ಟರಲ್ಲಿ ಸೊಸೆಯನ್ನು “ಏನಮ್ಮ, ವಿಶೇಷ ಉಂಟೋ?” ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಅತ್ತೆಯಂದಿರಲ್ಲಿ ನನ್ನದೊಂದು ವಿಜ್ಞಾಪನೆ: ಆ ಪ್ರಶ್ನೆಗೆ ಮೊದಲು, “ಲಸಿಕೆಯ ಚೀಟಿ ಉಂಟೋ?” ಎಂದು ಕೇಳಿರಿ. ಇಲ್ಲವೆಂದರೆ ನೀವೇ ಜೊತೆಯಲ್ಲಿ ಕರೆದುಕೊಂಡು ಹೋಗಿರಿ. ಹುಟ್ಟಲಿರುವ ಮೊಮ್ಮಗುವಿಗೆ ನೀವು ಕೊಡಬಹುದಾದ ಮೊದಲನೆಯ ಉಡುಗೊರೆಯು ಇದೇ.